ಎಂಟು ಬಾಯಿ, ಎಂಟು ನಾಲಗೆ

ನನ್ನ ವಯಸ್ಸಿನವರು ಒಂದೋ ಬೆಳಗಿನ ವಾಕಿಂಗ್ ಶುರು ಮಾಡುತ್ತಾರೆ, ಇಲ್ಲವೇ ತಲೆಗೆ ಬಣ್ಣ ಹಚ್ಚುತ್ತಾರೆ. ನಾನು ಬಡಗಿಯಾಗಲು ಹೊರಟೆ!

ಕಾರಣ ನನ್ನ ಮಾವ. ಮರಗೆಲಸದಲ್ಲಿ ನಲವತ್ತು ವರ್ಷ ಪಳಗಿದ ಕೈ ಅವರದು. ಇಪ್ಪತ್ತೆರಡು ವರ್ಷಗಳಿಂದ ಅಳಿಯನಾಗಿರುವ ನನ್ನ ಕೈಗೆ ಅವರು ಒಂದು ದಿನವೂ ಸುತ್ತಿಗೆ ಕೊಟ್ಟವರಲ್ಲ. ಮನೆಯಲ್ಲಿ ಏನಾದರೂ ರಿಪೇರಿ ಮಾಡುವಾಗ ನಾನು ಹತ್ತಿರ ಸುಳಿದರೆ ಸಾಕು, "ನೀವು ಕೂತ್ಕೊಳ್ಳಿ ಅಳಿಯಂದಿರೇ, ಕೈಗೆ ಪೆಟ್ಟಾದೀತು" ಎನ್ನುವರು. ಎಷ್ಟು ಮರ್ಯಾದೆ! ಎಂಥ ಅವಮಾನ!

ಸಂಜೆಯ ಮರಗೆಲಸದ ತರಗತಿಗೆ ಸೇರಿದೆ. ಆರನೆಯ ವಾರ ಮರಕ್ಕೆ ಮರ ಕೂಡಿಸುವ ಪಾಠ. ಅಡ್ಡಪಟ್ಟಿಯ ತುದಿಯನ್ನು ತೆಳ್ಳಗೆ ಕೆತ್ತಿದರೆ ಅದು ನಾಲಗೆ. ಅದನ್ನು ನುಂಗಲು ಮೇಜಿನ ಕಾಲಿನಲ್ಲಿ ಕೊರೆದ ಗುಳಿ ಬಾಯಿ. ಬಾಯಿಗೆ ನಾಲಗೆ ಕೂರಿಸಿ ಅಡ್ಡಲಾಗಿ ಒಂದು ಮರದ ಬೆಣೆ ಬಡಿದರೆ ಮೊಳೆ ಬೇಡ, ಅಂಟು ಬೇಡ. ಇಷ್ಟು ತಿಳಿದದ್ದೇ ತಡ, ನಾನು ಅರ್ಧ ಬಡಗಿ. ಉಳಿದರ್ಧವನ್ನು ಮನೆಯಲ್ಲೇ ಮುಗಿಸುವುದೆಂದು ತೀರ್ಮಾನಿಸಿದೆ.

ಮಾವನವರೇ ಮಾಡಿಕೊಟ್ಟ ನಮ್ಮ ಊಟದ ಮೇಜು ಈಚೆಗೆ ಸ್ವಲ್ಪ ಅಲುಗಾಡುತ್ತಿತ್ತು. ಭಾನುವಾರ ಅವರು ಊಟಕ್ಕೆ ಬರುವವರಿದ್ದರು.

"ಬಂದು ಕೈಯೂರಲಿ, ಮೇಜು ಬಂಡೆ! 'ಯಾರು ಸರಿ ಮಾಡಿದ್ದು?' ಅಂತ ಕೇಳ್ಲಿ. ನಾನು ವಿನಯದಿಂದ ತಲೆ ತಗ್ಗಿಸ್ತೀನಿ" ಎಂದೆ ಹೆಂಡತಿಗೆ.

"ತಲೆ ತಗ್ಗಿಸೋದಂತೂ ಖಾತ್ರಿ" ಎಂದಳು ಅವಳು.

ಭಾನುವಾರ ಬೆಳಿಗ್ಗೆ ಅವಳು ತರಕಾರಿಗೆ ಹೊರಟ ಕೂಡಲೇ ಬೆಣೆಗಳನ್ನೆಲ್ಲ ಕಿತ್ತು ಮೇಜು ಬಿಚ್ಚಿದೆ. ನಾನೇನು ದಡ್ಡನೇ? ಗುರುಗಳು ಹೇಳಿಕೊಟ್ಟಂತೆ ಪ್ರತಿ ನಾಲಗೆಗೂ ಅದರ ಬಾಯಿಗೂ ಸೀಮೆಸುಣ್ಣದಲ್ಲಿ ಒಂದೇ ಅಕ್ಷರ ಬರೆದೆ: ಅ, ಆ, ಇ, ಈ ಎಂದು ಎಂಟು ಜೋಡಿ. ಬರೆಯುವಾಗ ನೋಡುತ್ತೇನೆ, ಮರದ ತುಂಬ ಉಳಿಯ ಗೀರುಗಳು! ಒಂದು ಕಡೆ ಎರಡು, ಇನ್ನೊಂದು ಕಡೆ ಐದು. ಪಾಪ, ಮಾವನವರ ಕೈ ಆಗಲೇ ನಡುಗುತ್ತಿತ್ತೋ ಏನೋ! ಅವರ ಮಾನ ನಾನಲ್ಲದೆ ಇನ್ಯಾರು ಕಾಯಬೇಕು? ಮರಳುಕಾಗದ ಹಿಡಿದು ಒಂದು ಗಂಟೆ ಉಜ್ಜಿದೆ. ಒಂದು ಗೀರೂ ಉಳಿಯಲಿಲ್ಲ. ಎರಡು ಹೆಜ್ಜೆ ಹಿಂದೆ ಸರಿದು ನನ್ನ ಕೆಲಸಕ್ಕೆ ನಾನೇ ಮರುಳಾದೆ.

ಆಮೇಲೆ ಹೊಳೆಯಿತು. ಅ, ಆ, ಇ, ಈ ಕೂಡ ಹೋಗಿದ್ದವು!

ನೆಲದ ಮೇಲೆ ಎಂಟು ನಾಲಗೆ, ಎಂಟು ಬಾಯಿ. ಯಾವುದು ಯಾವುದರದ್ದು? ಈ ಕಾಲು ಎಡದ್ದೋ ಬಲದ್ದೋ? ಎಡವೆಂದರೆ ಯಾರ ಎಡ? ನಾನು ಮೇಜಿನ ಎದುರು ಕೂತರೆ ಒಂದು ಎಡ, ಮೇಜು ನನ್ನ ಎದುರು ಕೂತರೆ ಇನ್ನೊಂದು! ಒಂದು ನಾಲಗೆ ಬಾಯಿಗೆ ಹೋಗಲೊಲ್ಲದು. ಇನ್ನೊಂದು ಹೋಗಿ ಲೊಟಲೊಟ ಅಲ್ಲಾಡುವುದು. ಮೇಜನ್ನು ತಲೆಕೆಳಗು ಮಾಡಿದೆ, ಅದರ ಸುತ್ತ ನಡೆದೆ, ಕೊನೆಗೆ ತಲೆಕೆಳಗಾಗಿರುವುದು ಮೇಜೋ ನಾನೋ ತಿಳಿಯದಾಯಿತು. ಸಿಕ್ಕಿದ್ದನ್ನು ಸಿಕ್ಕಿದ್ದಕ್ಕೆ ಸೇರಿಸಿ ಬಡಿದೆ.

ಹೆಂಡತಿ ಬಂದಳು. "ರೀ, ಮೇಜೆಲ್ಲಿ?"

"ಇದೇ ಕಣೇ."

"ಇದಾ? ಕಂಬ ಕಂಡ ನಾಯಿ ಥರ ಒಂದು ಕಾಲೆತ್ಕೊಂಡು ನಿಂತಿದೆಯಲ್ರೀ!"

"ನೆಲ ಸಮ ಇಲ್ಲ."

"ನಿನ್ನೆವರೆಗೂ ಸಮ ಇತ್ತಲ್ಲ!"

ಅಷ್ಟರಲ್ಲಿ ಕರೆಗಂಟೆ. ಹೇಳಿದ್ದಕ್ಕಿಂತ ಒಂದು ಗಂಟೆ ಮೊದಲೇ ಮಾವ! ಒಳಗೆ ಬಂದವರು ಅಭ್ಯಾಸಬಲದಿಂದ ಮೇಜಿನ ಮೇಲೆ ಕೈಯೂರಿದರು. ಮೇಜು ತನ್ನ ಸೃಷ್ಟಿಕರ್ತನಿಗೆ ಉದ್ದಕ್ಕೆ ಅಡ್ಡಬಿದ್ದಿತು.

ಮಾವ ಕಳಚಿಬಿದ್ದ ಒಂದು ಕಾಲನ್ನೆತ್ತಿ ತಿರುಗಿಸಿ ನೋಡಿದರು. "ಗೀರುಗಳೆಲ್ಲಿ?"

"ಉಜ್ಜಿಬಿಟ್ಟೆ ಮಾವ. ನೀಟಾಗಿರ್ಲಿ ಅಂತ."

ಮಾವ ಆ ಕಾಲನ್ನು ಮೆಲ್ಲಗೆ ಕೆಳಗಿಟ್ಟರು.

"ಅಪ್ಪ, ಬೈದುಬಿಡು. ನಂದೇನೂ ಅಭ್ಯಂತರ ಇಲ್ಲ" ಎಂದಳು ಹೆಂಡತಿ.

"ಬೈಯೋದೇನಮ್ಮ. ಗುರುತಿಗೆ ಅಂತ ನಾನೇ ಹಾಕಿದ್ದ ಗೀರು ಅವು. ಎರಡು ಗೀರಿನ ನಾಲಗೆ ಎರಡು ಗೀರಿನ ಬಾಯಿಗೇ ಹೋಗ್ಬೇಕು. ಕೈಯಲ್ಲಿ ಕೆತ್ತಿದ್ದಲ್ವಾ, ಒಂದರದ್ದು ಇನ್ನೊಂದಕ್ಕೆ ಕೂರಲ್ಲ."

"ಅಲುಗಾಡ್ತಿತ್ತು ಮಾವ, ಅದಕ್ಕೇ..."

"ಯಾವುದೋ ಬೆಣೆ ಸಡಿಲ ಆಗಿರುತ್ತೆ. ಎರಡೇಟು ಹಾಕಿದ್ರೆ ಸಾಕಿತ್ತು."

ನೆಲದ ಮೇಲೆ ಕೂತರು. ಕಣ್ಣು ಮುಚ್ಚಿ, ಒಂದೊಂದು ಬಾಯಿಗೂ ಹೆಬ್ಬೆರಳಿಟ್ಟು, ವೈದ್ಯರು ನಾಡಿ ಹಿಡಿದಂತೆ ಸವರಿ ಸವರಿ ಅದರದರ ನಾಲಗೆ ಹುಡುಕಿದರು. ಅರ್ಧ ಗಂಟೆಯಲ್ಲಿ ಮೇಜು ನಿಂತಿತು. ಬಂಡೆ!

"ಅಳಿಯಂದಿರೇ, ಒಂದು ಪೆನ್ಸಿಲ್ ಕೊಡಿ."

ನನ್ನ ಎದೆ ಉಬ್ಬಿತು. ಇಪ್ಪತ್ತೆರಡು ವರ್ಷಗಳಲ್ಲಿ ಮೊದಲ ಬಾರಿಗೆ ನನ್ನಿಂದ ಒಂದು ಸಲಕರಣೆ ಕೇಳಿದ್ದರು! ಓಡಿಹೋಗಿ ತಂದುಕೊಟ್ಟೆ. ಮಾವ ಮೇಜಿನಡಿ ನುಸುಳಿ ಒಂದೊಂದು ಮೂಲೆಯಲ್ಲೂ ಏನೋ ಬರೆದರು.

"ನಮ್ಮ ಅಂಗಡೀಲಿ ಓದು ಬಾರದೋರಿದ್ರು, ಗೀರು ಸಾಕಾಗ್ತಿತ್ತು. ಇದು ಓದಿದೋರ ಮನೆ. ಬಿಡಿಸಿ ಬರೀಬೇಕು" ಎಂದರು, ಈಚೆ ಬರುತ್ತ.

ಊಟ ಮುಗಿಸಿ ಅವರು ಹೊರಟರು. ಹೆಂಡತಿ ಬಗ್ಗಿ ಮೇಜಿನಡಿ ಇಣುಕಿದಳು, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಅಲ್ಲೇ ಕೂತುಬಿಟ್ಟಳು. ಗಾಬರಿಯಾಗಿ ನಾನೂ ತೆವಳಿಕೊಂಡು ಒಳಹೊಕ್ಕೆ.

ಮೂಲೆಮೂಲೆಗೂ ಅಂಕಿಗಳು. ನಟ್ಟನಡುವೆ, ಹಲಗೆಯ ಅಡಿಯಲ್ಲಿ, ದುಂಡನೆಯ ಅಕ್ಷರಗಳಲ್ಲಿ: "ಅಳಿಯಂದಿರೇ, ದಯವಿಟ್ಟು ಬಿಚ್ಚಬೇಡಿ."

ಅದರ ಕೆಳಗೆ ಇನ್ನೊಂದು ಸಾಲು: "ಇದನ್ನೂ ಉಜ್ಜಬೇಡಿ."