ಅಡುಗೆಮನೆ ವಾರ್ಡಿನ ಖಾಲಿ ಸ್ಥಾನ

ಮನೆಯ ಯಜಮಾನ ಎಂಬ ಪದವಿ ನೊರ್ಬರ್ಟನಿಗೆ ವೀಸಾದ ಕಾಗದಗಳಲ್ಲಿ ಮಾತ್ರ ಇತ್ತು. ಕೊಲ್ಲಿ ದೇಶದ ರಾಸ್ ಲಫಾನಿನ ಒಂದು ಕಂಪನಿಯಲ್ಲಿ ಅವನು ಡಾಕ್ಯುಮೆಂಟ್ ಕಂಟ್ರೋಲರ್. ಅಲ್ಲಿ ಅವನ ಮೊಹರು ಬೀಳದೆ ಒಂದು ನಕ್ಷೆಯೂ ಅಲ್ಲಾಡುವಂತಿಲ್ಲ. ಆದರೆ ಬಿನ್ ಮಹಮೂದ್ ಬಡಾವಣೆಯ ಎರಡನೇ ಮಹಡಿಯ ಫ್ಲಾಟಿನಲ್ಲಿ ಎಸಿಯ ರಿಮೋಟು ಹದಿನಾರರ ಮಗಳು ಕ್ರಿಸ್ಟೀನಾಳ ಕೈಯಲ್ಲಿ, ಟಿವಿಯ ರಿಮೋಟು ವಿಸಿಟ್ ವೀಸಾದಲ್ಲಿ ಬಂದ ಅತ್ತೆ ಸೆವ್ರಿನ್ ಬಾಯಿಯ ಮಡಿಲಲ್ಲಿ. ವಾರಕ್ಕೊಮ್ಮೆ ಸಿಗುವ ರಜೆಯ ಶುಕ್ರವಾರವೂ ಚಳಿಯಲ್ಲಿ ನಡುಗುತ್ತಾ ಅತ್ತೆಯ ಧಾರಾವಾಹಿ ನೋಡುವುದರಲ್ಲೇ ಮುಗಿಯುತ್ತಿತ್ತು.

ಇದಕ್ಕೆ ಮದ್ದು ಸಿಕ್ಕಿದ್ದು ವೇಲ್ಸಿನಿಂದ. ಆ ದೇಶದ ಗ್ಯಾರೆತ್ ಎಂಬ ಸಹೋದ್ಯೋಗಿ ಚಹಾದ ಹೊತ್ತಿಗೆ ತನ್ನೂರಿನ ಕೌನ್ಸಿಲಿನ ಕಥೆ ಹೇಳಿದ. ಊರನ್ನು ವಾರ್ಡುಗಳಾಗಿ ಹಂಚುತ್ತಾರಂತೆ, ಐದು ವರ್ಷಕ್ಕೊಮ್ಮೆ ಚುನಾವಣೆಯಂತೆ. ಹದಿನಾರು ತುಂಬಿದವರಿಗೂ ಓಟು, ಕಾನೂನು ಪ್ರಕಾರ ನೆಲೆಸಿದ ಪರದೇಶಿಗಳಿಗೂ ಓಟು. ಎದುರಾಳಿ ಇಲ್ಲದಿದ್ದರೆ ಅವಿರೋಧ ಆಯ್ಕೆ. ಒಂದೂ ನಾಮಪತ್ರ ಬಾರದೆ ಕುರ್ಚಿ ಖಾಲಿ ಉಳಿದರೆ, ಗೆದ್ದವರೇ ಯಾರನ್ನಾದರೂ ಕರೆತಂದು ಕೂರಿಸಬಹುದಂತೆ. ಇಪ್ಪತ್ತೆರಡು ವರ್ಷದಿಂದ ಎಲ್ಲಿಯೂ ಓಟು ಹಾಕದ ನೊರ್ಬರ್ಟನಿಗೆ (ಊರಿನ ಚುನಾವಣೆಗೂ ಅವನ ರಜೆಗೂ ಎಣ್ಣೆ ಸೀಗೆಕಾಯಿ ಸಂಬಂಧ) ಕೇಳುತ್ತಲೇ ಹೃದಯ ತುಂಬಿ ಬಂತು.

ಮರುದಿನವೇ ಫ್ರಿಜ್ಜಿನ ಬಾಗಿಲಿಗೆ ಅಧಿಸೂಚನೆ ಬಿತ್ತು. ಅದಕ್ಕೊಂದು ಡಾಕ್ಯುಮೆಂಟ್ ನಂಬರು, ಕೆಳಗೆ ಮೊಹರು. ಹಾಲ್, ಬೆಡ್‌ರೂಮ್, ಅಡುಗೆಮನೆ ಎಂದು ಮೂರು ವಾರ್ಡು, ವಾರ್ಡಿಗೊಬ್ಬ ಸದಸ್ಯ. ವೇಲ್ಸಿನ ಮಾದರಿಯಂತೆ ಮಗಳಿಗೂ ಓಟು, ವಿಸಿಟ್ ವೀಸಾದ ಅತ್ತೆಗೂ ಓಟು. ಎರಡೂ ರಿಮೋಟು ಇರುವ ಹಾಲ್ ವಾರ್ಡಿಗೆ ನೊರ್ಬರ್ಟ್ ತಾನೇ ನಿಂತ. ಅಡುಗೆಮನೆಯ ಎದುರು ‘ರೆಜಿನಾ, ಅವಿರೋಧ’ ಎಂದು ಮೊದಲೇ ಟೈಪ್ ಮಾಡಿದ್ದ. ಹೆಂಡತಿಯಲ್ಲದೆ ಅಲ್ಲಿಗೆ ಇನ್ಯಾರು ಬರುತ್ತಾರೆ ಎಂಬ ಧೈರ್ಯ ಅವನದು.

ಕ್ಲಿನಿಕ್ಕಿನ ರಿಸೆಪ್ಷನ್ ಕೆಲಸ ಮುಗಿಸಿ ಬಂದ ರೆಜಿನಾ ಅದನ್ನು ಎರಡು ಸಲ ಓದಿದಳು. ಫ್ರಿಜ್ಜಿನಿಂದ ತೆಂಗಿನತುರಿ ತೆಗೆದುಕೊಂಡು ಒಳಗೆ ಹೋದಳು.

ಅತ್ತೆ ಬೆಡ್‌ರೂಮಿಗೆ ನಾಮಪತ್ರ ಸಲ್ಲಿಸಿ ಅವಿರೋಧವಾಗಿ ಗೆದ್ದರು. ಹಾಲ್ ವಾರ್ಡಿಗೆ ಕ್ರಿಸ್ಟೀನಾಳೂ ನಿಂತಾಗ ನೊರ್ಬರ್ಟ್ ನಕ್ಕ. ಆದರೂ ಇರಲಿ ಎಂದು ಗುರುವಾರ ಸಂಜೆ ಮತದಾರರಿಗೆ ಶವರ್ಮಾ, ಕರಕ್ ಚಹಾ ಹಂಚಿದ. ಅತ್ತೆ ಎರಡು ಶವರ್ಮಾ ತಿಂದು, ಅಳಿಯನ ಕೈ ಹಿಡಿದು ಆಶೀರ್ವಾದ ಮಾಡಿದರು.

ಶುಕ್ರವಾರ ಚರ್ಚಿನಿಂದ ಬಂದ ಮೇಲೆ ಹಾಲಿನ ಪುಡಿಯ ಡಬ್ಬಿಯಲ್ಲಿ ಮತದಾನ ನಡೆಯಿತು. ಎಣಿಸುವಾಗ ಕ್ರಿಸ್ಟೀನಾಳಿಗೆ ಮೂರು, ನೊರ್ಬರ್ಟನಿಗೆ ಒಂದು. ಆ ಒಂದು ಯಾರದೆಂದು ತನಿಖೆ ಮಾಡುವ ಅಗತ್ಯ ಇರಲಿಲ್ಲ. ತನ್ನ ಕಾಲ ಮೇಲೆ ತಾನೇ ಕಲ್ಲು ಎತ್ತಿಹಾಕಿಕೊಂಡದ್ದು ಅವನಿಗೆ ಆಗ ಹೊಳೆಯಿತು.

“ಖಲಾಸ್ ಪಪ್ಪಾ,” ಎಂದ ಮಗಳು ಅಡುಗೆಮನೆಯ ಕಡತ ತೆರೆದಳು. ಅದರಲ್ಲಿ ರೆಜಿನಾ ಸಹಿ ಹಾಕಿದ ನಾಮಪತ್ರವೇ ಇರಲಿಲ್ಲ. ಸಹಿ ಇಲ್ಲದ ಹೆಸರು ನಡೆಯುವುದಿಲ್ಲ ಎಂದು ಆಫೀಸಿನಲ್ಲಿ ದಿನಕ್ಕೆ ನಲವತ್ತು ಜನರನ್ನು ವಾಪಸು ಕಳಿಸುವವನು ನೊರ್ಬರ್ಟನೇ. ಅವನು ಹೆಂಡತಿಯ ಕಡೆ ತಿರುಗಿ, ಒಂದು ಸಹಿ ಹಾಕಲು ಅಷ್ಟೇನು ಕಷ್ಟ ಎಂದು ಕೇಳಿದ.

ರೆಜಿನಾ ಸೋಫಾದಲ್ಲಿ ಕಾಲು ಮಡಚಿ ಕೂತಿದ್ದಳು. “ಇಪ್ಪತ್ತೆರಡು ವರ್ಷ ಆಯ್ತು. ಅಡುಗೆಮನೆ ನಿಂಗೆ ಬೇಕಾ ಅಂತ ಒಬ್ರೂ ಕೇಳ್ಲಿಲ್ಲ,” ಎಂದಳು. “ಈ ಸಲ ಓಟು ಉಂಟು ಅಂದಾಗ ನಂಗೆ ಸ್ವಲ್ಪ ಖುಷಿಯೇ ಆಗಿತ್ತು. ನನ್ನ ಹೆಸರಿಗೆ ನೀವು ಒಂದು ಓಟು ಹಾಕ್ತೀರಿ ಅಂತ ಎಣಿಸಿದ್ದೆ. ನೀವು ನೋಡಿದ್ರೆ ಕೇಳದೆ ಟೈಪ್ ಮಾಡಿ ಅಂಟಿಸಿದ್ರಿ.”

ಅವಳ ದನಿಯಲ್ಲಿ ಸಿಟ್ಟಿದ್ದರೆ ನೊರ್ಬರ್ಟ್ ಎದುರುತ್ತರ ಕೊಡಬಹುದಿತ್ತು. ಅದು ಬರೀ ಬೇಸರವಾಗಿತ್ತು. ಅವನಿಗೆ ತನ್ನ ಬಗ್ಗೆಯೇ ನಾಚಿಕೆಯಾಯಿತು.

ಕೌನ್ಸಿಲಿಗೆ ಅಂಥ ದಾಕ್ಷಿಣ್ಯವೇನೂ ಇರಲಿಲ್ಲ. ಖಾಲಿ ಸ್ಥಾನಕ್ಕೆ ಸೋತ ಅಭ್ಯರ್ಥಿಯನ್ನೇ ಕರೆಸಬೇಕೆಂದು ಸೆವ್ರಿನ್ ಬಾಯಿ ಸೂಚಿಸಿದರು, ಕ್ರಿಸ್ಟೀನಾ ಅನುಮೋದಿಸಿದಳು. ಗಂಟೆ ಹನ್ನೆರಡೂವರೆ ಆಗಿತ್ತು, ಬಂಗುಡೆ ಇನ್ನೂ ಫ್ರಿಜ್ಜಿನಲ್ಲಿ ಮಲಗಿತ್ತು.

ಎರಡೂವರೆಗೆ ಊಟ ಮೇಜಿಗೆ ಬಂತು. ಮಸಾಲೆ ಅರೆಯುವಾಗ ಮಿಕ್ಸಿಯ ಮುಚ್ಚಳ ಹಾರಿ ನೊರ್ಬರ್ಟನ ಅಂಗಿ, ಗೋಡೆ, ಕ್ಯಾಲೆಂಡರಿನ ಮಾತೆ ಮರಿಯಮ್ಮ ಎಲ್ಲರೂ ಕೆಂಪಾಗಿದ್ದರು. ಒಂದು ಬೆರಳಿಗೆ ಬ್ಯಾಂಡೇಜು ಬಿದ್ದಿತ್ತು. ರೆಜಿನಾ ಫೋನು ನೋಡುತ್ತಾ ಅನ್ನಕ್ಕೆ ಸಾರು ಕಲಸಿ ತಿನ್ನತೊಡಗಿದಳು. ಅವನು ಅವಳ ಮುಖವನ್ನೇ ನೋಡುತ್ತಾ ನಿಂತ. ಒಂದು ತುತ್ತಾಯಿತು, ಹತ್ತು ತುತ್ತಾಯಿತು. ಒಂದು ಮಾತು ಬಂದರೆ ಸಾಕೆಂದು ಅವನ ಜೀವ ಬಾಯಿಗೆ ಬಂದಿತ್ತು.

“ಉಪ್ಪು ಸರಿ ಉಂಟಾ?” ಎಂದು ಕೊನೆಗೆ ತಾನೇ ಕೇಳಿದ.

“ನಾನು ಏನಾದ್ರೂ ಹೇಳಿದ್ನಾ? ಹೇಳದಿದ್ರೆ ಸರಿ ಉಂಟು ಅಂತ ಲೆಕ್ಕ.”

ಇಷ್ಟು ವರ್ಷ ಇದೇ ಮೇಜಿನ ಮುಂದೆ ಕೂತು ಈ ಉತ್ತರವನ್ನು ಕೊಡುತ್ತಾ ಬಂದವನು ತಾನೇ ಎಂದು ನೊರ್ಬರ್ಟನಿಗೆ ನೆನಪಾಯಿತು. ಮುಂದಿನ ಚುನಾವಣೆಯಲ್ಲಿ ತನ್ನ ಓಟು ಅವಳಿಗೇ ಎಂದು ಮೆಲ್ಲಗೆ ಹೇಳಿದ.

“ಐದು ವರ್ಷ ಉಂಟಲ್ಲ, ನೋಡುವ,” ಎಂದು ರೆಜಿನಾ ಖಾಲಿ ತಟ್ಟೆಯನ್ನು ಅವನ ಕಡೆ ಸರಿಸಿದಳು.