ಪುಟ್ಟುವಿನ ಎರಡನೆಯ ಸೂಜಿ

ಪಕ್ಕದ ಬೀದಿಯ ಇಬ್ಬರು ಮಕ್ಕಳಿಗೆ ದಡಾರ ಬಂದಿದೆ ಎಂಬ ಸುದ್ದಿ ಗುರುವಾರ ಬೆಳಗ್ಗೆ ತರಕಾರಿ ಗಾಡಿಯ ಜೊತೆಯಲ್ಲೇ ತ್ಯಾಗರಾಜನಗರದ ನಮ್ಮ ಮನೆಗೆ ಬಂತು. ಮೊಮ್ಮಗ ಪುಟ್ಟುವಿಗೆ ಹದಿನಾರು ತಿಂಗಳು ತುಂಬಿತ್ತು, ದಡಾರದ ಎರಡನೆಯ ಲಸಿಕೆ ಬಾಕಿಯಿತ್ತು. ಮಗ, ಸೊಸೆ ಆಫೀಸಿಗೆ ಹೋಗಿದ್ದರು. "ನಾನೇ ಹಾಕಿಸ್ಕೊಂಡು ಬರ್ತೀನಿ" ಎಂದು ಘೋಷಿಸಿದೆ. ಮೂವತ್ತೈದು ವರ್ಷ ಸರ್ಕಾರಿ ಕಡತಗಳನ್ನು ಪಳಗಿಸಿದ ನನಗೆ ಒಂದು ಸೂಜಿ ಯಾವ ಲೆಕ್ಕ!

"ಕಾರ್ಡ್ ಮರೀಬೇಡಿ. ಹನ್ನೆರಡಕ್ಕೆ ಮುಗಿಸಿಬಿಡ್ತಾರೆ, ಆಮೇಲೆ ಮುಂದಿನ ಗುರುವಾರಾನೇ" ಎಂದಳು ಹೆಂಡತಿ ಸರಸ.

"ನಂಗೇ ಹೇಳ್ಕೊಡ್ತೀಯಾ?" ಎಂದು ಬೀರುವಿನಿಂದ ಕಾರ್ಡ್ ಎಳೆದುಕೊಂಡು ಹೊರಟೆ.

ಆರೋಗ್ಯ ಕೇಂದ್ರದಲ್ಲಿ ಸಿಸ್ಟರ್ ಕೇಳಿದರು, "ಮಗು ಹೆಸ್ರೇನು ಸಾರ್?"

"ಪುಟ್ಟು."

"ಅದಲ್ಲ ಸಾರ್, ಬರೆಸಿರೋ ಹೆಸ್ರು?"

ನಾಮಕರಣದ ದಿನ ಅಕ್ಕಿಯ ಮೇಲೆ ಉಂಗುರದಲ್ಲಿ ಬರೆದವನು ನಾನೇ. ಮಾಸದ ಹೆಸರು, ಮನೆದೇವರ ಹೆಸರು, ಕರೆಯುವ ಹೆಸರು. ಆದರೆ ಆಸ್ಪತ್ರೆಯಲ್ಲಿ ಬರೆಸಿದ್ದು ಯಾವುದು? ಯಾವುದಕ್ಕೂ ಇರಲಿ ಎಂದು "ದಾಮೋದರ, ವೆಂಕಟೇಶ, ವಿಹಾನ್" ಎಂದು ಮೂರನ್ನೂ ಒಪ್ಪಿಸಿದೆ.

"ಇನ್ನಿಬ್ರು ಎಲ್ಲಿ ಸಾರ್?"

"ಎಲ್ಲಾ ಇವನೇ!"

"ಹುಟ್ಟಿದ್ದು ಯಾವಾಗ?"

"ಕಾರ್ತೀಕ ಬಹುಳ ಪಂಚಮಿ, ಪುನರ್ವಸು."

"ತಾರೀಖು ಹೇಳಿ ಸಾರ್!"

ತಾರೀಖು? ನಮ್ಮ ಮನೆಯ ಹುಟ್ಟುಹಬ್ಬಗಳೆಲ್ಲ ತಿಥಿಯಂತೆ. ತೆಪ್ಪಗೆ ಕಾರ್ಡ್ ಚಾಚಿದೆ. ಅವರು ತಿರುವಿ ನೋಡಿ, "ಇದ್ರಲ್ಲಿ ಎಲ್ಲಾ ಹಾಕ್ಸಾಗಿದೆಯಲ್ಲ" ಎಂದರು.

"ಅಬ್ಬಾ, ಒಳ್ಳೇದೇ ಆಯ್ತು!" ಪುಟ್ಟುವನ್ನು ಎತ್ತಿಕೊಂಡು ಹೊರಟೇಬಿಟ್ಟೆ.

"ಸಾರ್, ನಿಲ್ಲಿ! ಇದು ಅನನ್ಯ ಅಂತ, ಹೆಣ್ಮಗು, ಆರು ವರ್ಷ!"

ಪುಟ್ಟುವಿನ ಅಕ್ಕನ ಕಾರ್ಡು!

ಗಂಟೆ ಹನ್ನೊಂದೂಕಾಲು. ಪಕ್ಕದ ಬೀದಿಯ ಮಕ್ಕಳು ನೆನಪಾದರು. ನಿಜಕ್ಕೂ ಹೆದರಿದೆ. ಇನ್ನೊಂದು ವಾರ ಈ ಕೂಸನ್ನು ಎಲ್ಲಿ ಬಚ್ಚಿಡಲಿ? ಸರಸಳಿಗೆ ಫೋನ್ ಮಾಡಿದೆ.

"ಅಯ್ಯೋ ರಾಮ! ನೀವು ಮರೀಬಾರ್ದು ಅಂತ ಪಂಚಾಂಗದೊಳಗೇ ಇಟ್ಟಿದ್ನಲ್ಲಾ ರೀ!"

ಆಟೋದಲ್ಲಿ ಮನೆಗೆ ಓಡಿದೆ. ಅವಳು ಗೇಟಿನಲ್ಲೇ ಕಾರ್ಡ್ ಹಿಡಿದು ನಿಂತಿದ್ದಳು. ಅದೇ ಆಟೋದಲ್ಲಿ ವಾಪಸ್. ಹನ್ನೆರಡಕ್ಕೆ ಐದು ನಿಮಿಷವಿತ್ತು. ಸಿಸ್ಟರ್ ಪೆಟ್ಟಿಗೆ ಮುಚ್ಚುತ್ತಿದ್ದವರು ನನ್ನ ಮುಖ ನೋಡಿ ಮತ್ತೆ ತೆರೆದರು.

ಸೂಜಿ ಚುಚ್ಚಿದಾಗ ಪುಟ್ಟು ಒಂದು ಸಲ ಕಿರುಚಿ ಸುಮ್ಮನಾದ. ಅಂತೂ ಆಯಿತಲ್ಲ! ಸಂತೋಷಕ್ಕೆ ಸಿಸ್ಟರ್‌ಗೆ ಕೈ ಮುಗಿದೆ. ಅವರು ಮುಂದಿನ ತಾರೀಖು ಬರೆದು, ಕಾರ್ಡನ್ನು ನನ್ನ ಶರ್ಟಿನ ಜೇಬಿಗೆ ತಾವೇ ಇಟ್ಟು, ಮೆಲ್ಲಗೆ ಹೇಳಿದರು: "ಮುಂದಿನ್ ಸಲ ಮಗು ಜೊತೆ ಯಾರಾದ್ರೂ ದೊಡ್ಡೋರನ್ನ ಕಳ್ಸಿ ಸಾರ್."

ಅರವತ್ತೆಂಟು ವರ್ಷದ ನಾನು "ಆಗ್ಲಿ ಸಿಸ್ಟರ್" ಎಂದು ತಲೆಯಾಡಿಸಿದೆ.