ಟಾಬ್ರಿ ಸೀಕರಣೆ

ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎಂದು ಗಾದೆ ಕಟ್ಟಿದವರು ಸೊಸೆಯನ್ನು ಪೂರ್ತಿ ಮರೆತುಬಿಟ್ಟಿದ್ದಾರೆ. ಹಲ್ಲಿಲ್ಲದ ಬಾಯಿಗೆ ಮೂರು ಹೊತ್ತು ಏನು ಹಾಕುವುದು ಎಂದು ತಲೆ ಕೆಡಿಸಿಕೊಳ್ಳುವವಳು ಅವಳೇ ತಾನೆ? ಅದರಲ್ಲೂ ನನ್ನಂಥ ಸೊಸೆಯ ಪಾಡು ಕೇಳಬಾರದು. ನಾನು ಹೇಳಿಕೊಳ್ಳುವಂಥ ಅಡುಗೆಯವಳಲ್ಲ. ನನ್ನ ಚಪಾತಿ ದುಂಡಗಿರುತ್ತದೆ ನಿಜ, ಆದರೆ ಅದಕ್ಕೆ ಇರುವ ಗುಣ ಅದೊಂದೇ. ಮದುವೆಯಾಗಿ ಹನ್ನೊಂದು ವರ್ಷ ನಮ್ಮ ಅತ್ತೆ ನನ್ನ ಕೈಯಡುಗೆಗೆ ಕೊಟ್ಟ ಅತಿ ದೊಡ್ಡ ಪ್ರಶಸ್ತಿ ಎಂದರೆ 'ತಿನ್ನಬಹುದು' ಎಂಬ ಒಂದೇ ಶಬ್ದ. ಅದೂ ಯುಗಾದಿಗೋ ದೀಪಾವಳಿಗೋ ನಾವು ಊರಿಗೆ ಹೋದಾಗ. 

ತೊಂಬತ್ತರ ದಶಕದ ಕೊನೆಯ ಮಾತು. ನಾವಿಬ್ಬರೂ ಮಗಳೂ ಪುಣೆಯ ಬಿಬವೇವಾಡಿಯಲ್ಲಿ ಮೂರನೇ ಮಹಡಿಯ ಎರಡು ಕೋಣೆಯ ಫ್ಲ್ಯಾಟಿನಲ್ಲಿದ್ದೆವು. ನಮ್ಮವರು ಕುರಕುಂಭದ ರಾಸಾಯನಿಕ ಕಾರಖಾನೆಯ ಬಸ್ಸು ಹಿಡಿಯಲು ಬೆಳಿಗ್ಗೆ ಆರಕ್ಕೆ ಹೊರಟರೆ ಬರುವುದು ದೀಪ ಹಚ್ಚುವ ಹೊತ್ತಿಗೆ. ನಾನು ಮಾರ್ಕೆಟ್ ಯಾರ್ಡಿನ ಒಂದು ಲಾರಿ ಸಾಗಾಣಿಕೆ ಆಫೀಸಿನಲ್ಲಿ ಟೈಪಿಸ್ಟ್. ಆ ವರ್ಷ ಡಿಸೆಂಬರ್ ಕೊನೆಗೆ ಅತ್ತೆ ಬಿಜಾಪುರದಿಂದ ಹಲ್ಲಿಗಾಗಿ ಬಂದರು. ಮಾವ ಊರಲ್ಲಿ ಕಿರಾಣಿ ಅಂಗಡಿ ನೋಡಿಕೊಂಡು ಉಳಿದರು. ಡಾಕ್ಟರು ಬಾಯಿಯೊಳಗೆ ಬ್ಯಾಟರಿ ಬಿಟ್ಟು ನೋಡಿ, ಉಳಿದ ಒಂಬತ್ತು ಹಲ್ಲೂ ತೆಗೆಯಬೇಕು, ಒಸಡು ಮಾಯ್ದ ಮೇಲೆ ಹೊಸ ಸೆಟ್ಟು, ಒಟ್ಟು ಎರಡು ತಿಂಗಳು ಎಂದರು. ಸೋಮವಾರ ನಾಲ್ಕು ಹೋದವು, ಮುಂದಿನ ಸೋಮವಾರ ಐದು. ಜೋಳದ ಕಡಕ್ ರೊಟ್ಟಿಯನ್ನು ಬೀಗ ಮುರಿದಂತೆ ಮುರಿದು ತಿನ್ನುತ್ತಿದ್ದ ಹೆಣ್ಣುಮಗಳು, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕಿಟಕಿಯ ಪಕ್ಕ ಕೂತುಬಿಟ್ಟರು.

ಮೊದಲ ವಾರ ಗಂಜಿ, ರವೆ ಪಾಯಸ, ಹಾಲಲ್ಲಿ ನೆನೆಸಿದ ಬ್ರೆಡ್ಡು. "ಏನವಾ ಇದು, ದವಾಖಾನಿ ಕೂಳು," ಎಂದು ಎರಡು ಚಮಚಕ್ಕೆ ತಟ್ಟೆ ಸರಿಸುತ್ತಿದ್ದರು. ದಿನದಿಂದ ದಿನಕ್ಕೆ ಅವರ ಬಳೆಗಳು ಮೊಣಕೈ ಕಡೆಗೆ ಏರತೊಡಗಿದವು. ಒಂದು ರಾತ್ರಿ ಊಟದ ಹೊತ್ತಿಗೆ ನಮ್ಮವರು ತಾಯಿಯ ಕೈ ನೋಡಿ, "ಅವ್ವ ಭಾಳ ಇಳದಾಳ," ಎಂದರು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ತಿರುಗಿ ಒಂದು ಮಾತು ಹೇಳಿ ಹಗುರಾಗುತ್ತಿದ್ದೆ. ಬಾಳೆಹಣ್ಣಿನ ಸೀಕರಣೆ ಮಾಡೋಣವೆಂದರೆ ಅದಕ್ಕೂ ದಾರಿಯಿಲ್ಲ. ಕಾಶಿಗೆ ಹೋದವರು ತಮಗೆ ಪ್ರಿಯವಾದದ್ದೊಂದನ್ನು ಬಿಟ್ಟು ಬರಬೇಕಲ್ಲ, ಅತ್ತೆ ಬಾಳೆಹಣ್ಣು ಬಿಟ್ಟು ಬಂದಿದ್ದರು. ಮಾವ ಹಾಗಲಕಾಯಿ ಬಿಟ್ಟಿದ್ದರು. ಗಂಡಸರು ಎಲ್ಲ ಕಡೆ ಜಾಣರೇ. ಮಾವಿನ ಹಣ್ಣಿಗೆ ಇನ್ನೂ ಮೂರು ತಿಂಗಳಿತ್ತು.

ಹೀಗಿರುವಾಗ ಒಂದು ಸಂಜೆ ಆಫೀಸಿನಿಂದ ಬರುತ್ತ ಹಣ್ಣಿನ ಮಳಿಗೆಗಳ ಮುಂದೆ ಹಾದು ಬಂದೆ. ಮಹಾಬಳೇಶ್ವರದ ಸ್ಟ್ರಾಬೆರಿ ಬಂದಿತ್ತು. ಚೆಂದದ ಹಣ್ಣೆಲ್ಲ ಬೆಳಿಗ್ಗೆಯೇ ಖರ್ಚಾಗಿ, ಡಬ್ಬಿಯ ತಳದಲ್ಲಿ ಜಜ್ಜಿ ಮೆತ್ತಗಾದವು ಉಳಿದಿದ್ದವು. "ಘ್ಯಾ ತಾಯಿ, ಉದ್ಯಾ ಪರ್ಯಂತ ಟಿಕಣಾರ್ ನಾಹಿ," ನಾಳೆವರೆಗೆ ಇರಲಾರವು, ಒಯ್ಯಿರಿ ಎಂದ ವ್ಯಾಪಾರಿ. ತನ್ನ ಮಾಲನ್ನು ತಾನೇ ಹೀಗಳೆದ ವ್ಯಾಪಾರಿಯನ್ನು ನಾನು ಕಂಡದ್ದು ಅದೊಂದೇ ಸಲ. ಜಜ್ಜಿದ ಹಣ್ಣು, ಹಲ್ಲಿಲ್ಲದ ಬಾಯಿ. ಜಾತಕ ಕೂಡಿಬಂತು ಎಂದುಕೊಂಡು ತಂದೆ.

ಅತ್ತೆ ಒಂದು ಹಣ್ಣನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. "ಬೀಜ ಹೊರಗ ಇಟಗೊಂಡು ತಿರಗತದ ಇದು. ಇದಕ್ಕ ಲಕ್ಷಣ ಅಂತಾರೇನು?"

"ಕಾಶ್ಯಾಗ ಇದನ್ನ ಬಿಟ್ಟೀರೇನ್ರಿ ಅತ್ತಿ?"

"ಇದರ ಹೆಸರ ಗೊತ್ತಿರಲಿಲ್ಲ, ಬಿಡೂದು ಹೆಂಗ?" ಎಂದರು. ಆ ಮಾತನ್ನೇ ಒಪ್ಪಿಗೆ ಎಂದು ತಿಳಿದು ಒಲೆಯ ಮುಂದೆ ನಿಂತೆ.

ಮೊದಲ ಪ್ರಯೋಗದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬಿಸಿ ಹಾಲಿಗೆ ಹಣ್ಣು ಹಾಕಿದೆ, ಹಾಲು ಒಡೆಯಿತು. ಗುಲಾಬಿ ನೀರಿನಲ್ಲಿ ಬಿಳಿ ಚೂರು ತೇಲುವ ಆ ಪದಾರ್ಥವನ್ನು ನೋಡಿ ನಮ್ಮವರು, ನಮ್ಮ ಕಾರಖಾನೆಯಲ್ಲಿ ಇಂಥದ್ದು ಆದರೆ ಗಂಟೆ ಬಾರಿಸಿ ಎಲ್ಲರನ್ನೂ ಹೊರಗೆ ಕಳಿಸುತ್ತಾರೆ ಎಂದರು. ಎರಡನೇ ದಿನ ಹಾಲು ಕಾಸಿ ಪೂರ್ತಿ ಆರಿಸಿಟ್ಟೆ. ಹಣ್ಣು ಹಿಚುಕಿ ಹಾಕಿದೆ, ಮೇಲೆ ಸಕ್ಕರೆ. ಹಾಲು ಒಡೆಯಲಿಲ್ಲ, ಆದರೆ ಬೀಜ ಒಸಡಿಗೆ ಚುಚ್ಚಿತು, ಹುಳಿ ಬೇರೆ. ಅತ್ತೆ ಮುಖವನ್ನು ಒಮ್ಮೆ ಹಿಂಡಿ ಬಿಟ್ಟರು. ಬಟ್ಟಲು ಎತ್ತಿಕೊಂಡು ಹೊರಟ ನನಗೆ ಹಿಂದಿನಿಂದ ಮಾತು ಬಂತು: "ಸಕ್ಕರಿ ಮೊದಲ ಹಾಕಬೇಕವಾ. ಹಣ್ಣು ಸಕ್ಕರ್ಯಾಗ ಅರ್ಧಾ ತಾಸು ಕುಂದರಬೇಕು, ನೀರು ಬಿಡಬೇಕು. ಆಮ್ಯಾಲ ಜರಡಿ ಹಿಡಿ, ಆಮ್ಯಾಲ ಹಾಲು. ಮಾವಿನಹಣ್ಣಿಗೆ ಗಡಬಡ ಮಾಡಿದ್ರ ನಡೀತದ, ಹುಳಿ ಹಣ್ಣಿಗೆ ನಡ್ಯಂಗಿಲ್ಲ."

ಹಲ್ಲು ಹೋದ ಮೇಲೆ ಅವರು ಒಂದೇ ಉಸಿರಿಗೆ ಆಡಿದ ಅತಿ ಉದ್ದದ ಮಾತು ಅದು. ಮೂರನೇ ದಿನ ಅವರು ಹೇಳಿದಂತೆಯೇ ಮಾಡಿದೆ. ತಣ್ಣಗಿನ ಹಾಲು, ಒಂದಿಷ್ಟು ಯಾಲಕ್ಕಿ ಪುಡಿ. ಸಂಜೆಯ ಆಕಾಶದ ಬಣ್ಣ ಬಂತು. ಅತ್ತೆ ಒಂದು ಬಟ್ಟಲು ಕುಡಿದರು.  ಆಮೇಲೆ ಖಾಲಿ ಬಟ್ಟಲನ್ನು ನನ್ನ ಕಡೆ ನೂಕಿ, "ಇನ್ನೂ ಅದ ಏನು ಆ ಟಾಬ್ರಿ?" ಎಂದರು. ಸ್ಟ್ರಾಬೆರಿ ಎನ್ನುವುದು ಹಲ್ಲಿದ್ದವರ ಶಬ್ದ. ಅಂದಿನಿಂದ ನಮ್ಮ ಮನೆಯಲ್ಲಿ ಅದು ಟಾಬ್ರಿಯೇ.

ಆಮೇಲೆ ನನ್ನನ್ನು ಹಿಡಿಯುವವರಿರಲಿಲ್ಲ. ಬೆಳಿಗ್ಗೆ ನಾಷ್ಟಾಕ್ಕೆ ತೆಳು ಅವಲಕ್ಕಿಯನ್ನು ಮೊಸರಲ್ಲಿ ನೆನೆಸಿ ಟಾಬ್ರಿ ರಸ ಕಲಸಿದೆ. ರವೆಯನ್ನು ತುಪ್ಪದಲ್ಲಿ ಹುರಿದು ಟಾಬ್ರಿ ಶಿರಾ ಮಾಡಿದೆ. ಡೇರಿಯಿಂದ ನೀರು ಬಸಿದ ಮೊಸರಿನ ಚಕ್ಕಾ ತಂದು ಟಾಬ್ರಿ ಶ್ರೀಖಂಡ ತಿರುವಿದೆ. ಆಫೀಸಿನಲ್ಲಿ ಲಾರಿ ನಂಬರು ಟೈಪು ಮಾಡುವಾಗಲೂ ನಾಳೆ ಏನು ಎಂಬುದೇ ಯೋಚನೆ. ಅತ್ತೆಯ ಬಳೆಗಳು ಮೊಣಕೈಯಿಂದ ಇಳಿದು ಮಣಿಕಟ್ಟಿಗೆ ಬಂದವು. ಆದರೆ ಹೊಗಳಿಕೆ? ಅದರ ಸುದ್ದಿಯೇ ಇಲ್ಲ. ಅತ್ತೆ ಹೊರಗಿನವರ ಮುಂದೆ ಬರುವುದಂತೂ ದೂರವೇ ಉಳಿಯಿತು. ಬಾಗಿಲ ಗಂಟೆ ಬಾರಿಸಿದರೆ ಸಾಕು, ಸೆರಗು ಬಾಯಿಗೆ ಏರುತ್ತಿತ್ತು, ಒಳಕೋಣೆಯ ಪರದೆ ಸರಿಯುತ್ತಿತ್ತು.

ಸಂಕ್ರಾಂತಿ ಮುಗಿದು ನಮ್ಮ ಮನೆಯ ಅರಿಶಿನ-ಕುಂಕುಮದ ದಿನ ಬಂತು. ಕಟ್ಟಡದ ಹೆಂಗಸರೆಲ್ಲ ಬರುತ್ತಾರೆ, ಮನೆಯ ಹಿರಿಯ ಮುತ್ತೈದೆ ಹೊರಗೆ ಬಂದು ಕುಂಕುಮ ಹಚ್ಚಬೇಕು. "ಬೊಚ್ಚು ಬಾಯಿ ಇಟಗೊಂಡು ನಾ ಬರಂಗಿಲ್ಲ. ಕೇಳಿದ್ರ ಆರಾಮ ಇಲ್ಲ ಅಂತ ಹೇಳು," ಎಂದರು ಅತ್ತೆ. ನಾನು ಕೈಮುಗಿದೆ, ನಮ್ಮವರು ಹೇಳಿದರು, ಆಗಲಿಲ್ಲ. ಸಂಜೆ ಹದಿನಾಲ್ಕು ಹೆಂಗಸರು ಬಂದು ಜಮಖಾನೆ ತುಂಬಿದರು. ಪುಣೆಯಲ್ಲಿ ಇಂಥ ದಿನ ಏನು ತಿನ್ನಲು ಕೊಟ್ಟರು ಎಂಬುದು ನಾಲ್ಕು ಕಟ್ಟಡ ಸುತ್ತಿ ಬರುವ ವಿಷಯ. ಎಲ್ಲರ ಮನೆಯಲ್ಲೂ ಬಟಾಟೆ ವಡೆ. ನಾನು ಧೈರ್ಯ ಮಾಡಿ ಸೀಕರಣೆಯ ಬಟ್ಟಲು ಕೊಟ್ಟೆ.

ಎರಡನೇ ಮಹಡಿಯ ಜೋಶಿ ಕಾಕೂ ಅಡುಗೆಯಲ್ಲಿ ನಮ್ಮ ಕಟ್ಟಡದ ನ್ಯಾಯಾಧೀಶೆ. ಒಂದು ಚಮಚ ಬಾಯಿಗಿಟ್ಟು, ಕಣ್ಣು ಮುಚ್ಚಿ, ತೆರೆದು, "ಅಗ ಬಾಯಿ! ಹೇ ಕಸಂ ಕೇಲಂಸ್?" ಇದನ್ನು ಹೇಗೆ ಮಾಡಿದೆ ಎಂದು ಕೇಳಿದರು. ಹದಿಮೂರು ಚಮಚಗಳು ನಿಂತವು. ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ. ನನಗೆ ಗಾಬರಿಯಲ್ಲಿ ನಾಲಿಗೆ ತೊಡರಿತು. ನನ್ನ ಹರಕು ಮರಾಠಿಯಲ್ಲಿ, ಮೊದಲು ಹಣ್ಣಿಗೆ ಹಾಲು ಹಾಕಬೇಕು, ಕೊನೆಗೆ ಸಕ್ಕರೆ ಎಂದುಬಿಟ್ಟೆ.

"ಸುಳ್ಳ!"

ಪರದೆಯ ಹಿಂದಿನಿಂದ ಬಂದ ಗುಡುಗದು. ಅದರ ಹಿಂದೆಯೇ ಅತ್ತೆ ಬಂದರು. ಸೆರಗು ಹೆಗಲ ಮೇಲಿತ್ತು, ಬಾಯಿ ಪೂರ್ತಿ ತೆರೆದಿತ್ತು. "ಆಧೀ ಸಾಖರ್! ಸಕ್ಕರಿ ಮೊದಲ! ಅರ್ಧಾ ತಾಸ ಬಸೂ ದ್ಯಾ, ಆಮ್ಯಾಲ ಹಾಲು! ಈ ಹುಡಿಗಿಗೆ ಎಷ್ಟು ಸಲ ಹೇಳಬೇಕು!" ಎನ್ನುತ್ತ ಜಮಖಾನೆಯ ನಡುವೆ ಕೂತು, ಎಡಗೈಯನ್ನು ಬಟ್ಟಲು ಮಾಡಿ ಬಲಗೈಯಿಂದ ಹಿಚುಕಿ ತೋರಿಸಿದರು. ಅರ್ಧ ಕನ್ನಡ, ಅರ್ಧ ಮರಾಠಿ, ಹಲ್ಲು ಒಂದೂ ಇಲ್ಲ. ಆದರೂ ಹದಿನಾಲ್ಕು ಜನಕ್ಕೂ ಅಕ್ಷರ ಅಕ್ಷರ ತಿಳಿಯಿತು. ಯಾರೂ ನಗಲಿಲ್ಲ. ಇಬ್ಬರು ಬರೆದುಕೊಳ್ಳಲು ಪೆನ್ನು ಕೇಳಿದರು.

ಹೇಳಿ ಮುಗಿದ ಮೇಲೆ ಅತ್ತೆಗೆ ತಮ್ಮ ಬಾಯಿಯ ನೆನಪಾಯಿತು. ಕೈ ಸೆರಗಿನ ಕಡೆ ಹೋಯಿತು. ಅಷ್ಟರಲ್ಲಿ ಜೋಶಿ ಕಾಕೂ ಆ ಕೈಯನ್ನೇ ಹಿಡಿದು, ತಮ್ಮ ಮುತ್ತಿನಂಥ ಸಾಲನ್ನು ಬೆರಳಿನಿಂದ ತಟ್ಟಿ, "ಮಾಝೀ ಪಣ್ ಕವಳೀಚ್ ಆಹೇ," ನನ್ನದೂ ಕಟ್ಟಿಸಿಕೊಂಡದ್ದೇ ಎಂದರು. ಕಟ್ಟಡದ ಯಾರಿಗೂ ಗೊತ್ತಿರದ ಗುಟ್ಟದು. ಆಮೇಲೆ ನನ್ನ ಕಡೆ ಕೈ ತೋರಿಸಿ, ನಿಮ್ಮ ಸೊಸೆ ಚೆನ್ನಾಗಿ ಮಾಡುತ್ತಾಳೆಯೇ ಎಂದು ಕೇಳಿದರು. ನಾನು ಖಾಲಿ ಬಟ್ಟಲು ಆರಿಸುವ ನೆವದಲ್ಲಿ ಬಗ್ಗಿದೆ. 'ತಿನ್ನಬಹುದು' ಎನ್ನುವ ಶಬ್ದಕ್ಕೆ ಬೆನ್ನು ಒಡ್ಡಿ ಕಾದೆ.

"ಹೇಳೂದು ನಾ ಹೇಳತೀನ್ರಿ," ಎಂದರು ಅತ್ತೆ, "ಕೈ ಅಕೀದು. ಅಕೀ ಕೈ ಭಾಳ ಛಲೋ ಅದ."

ಬಟ್ಟಲು ತೆಗೆದುಕೊಂಡು ಅಡುಗೆಮನೆಗೆ ಹೋಗಿ ನಲ್ಲಿ ಪೂರ್ತಿ ತಿರುಗಿಸಿದೆ, ಸದ್ದು ಹೊರಗೆ ಕೇಳದಿರಲಿ ಎಂದು. ಹನ್ನೊಂದು ವರ್ಷದ್ದು ಒಮ್ಮೆಗೇ ಬಂದರೆ ಯಾರಿಗಾದರೂ ಮೂಗು ಸೋರುತ್ತದೆ. ಮುಖ ತೊಳೆದು ಹೊರಗೆ ಬಂದಾಗ ಅತ್ತೆ ಒಬ್ಬೊಬ್ಬರಿಗೆ ಕುಂಕುಮ ಹಚ್ಚುತ್ತ, ಬೊಚ್ಚು ಬಾಯಿ ತುಂಬ ನಗುತ್ತಿದ್ದರು. ಅವರ ನಗು ಇಷ್ಟು ಚೆಂದ ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಮಾರ್ಚಿನಲ್ಲಿ ಹೊಸ ಹಲ್ಲಿನೊಂದಿಗೆ ಅತ್ತೆ ಊರಿಗೆ ಹೋದರು. ಹೋದವರು ಸುಮ್ಮನಿದ್ದರೆ ಈ ಕಥೆ ನನ್ನ ಗೆಲುವಿಗೇ ಮುಗಿಯುತ್ತಿತ್ತು. ಬೀಗರಿಗೆ, ಓಣಿಗೆ, ಅಂಗಡಿಗೆ ಬಂದ ಗಿರಾಕಿಗಳಿಗೆಲ್ಲ ನನ್ನ ಕೈಗುಣ ಹೇಳಿದರು. ಜುಲೈ ತಿಂಗಳ ಒಂದು ಮಧ್ಯಾಹ್ನ ಅವರ ತಂಗಿ ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದರು. "ನಮ್ಮಕ್ಕ ಊರೆಲ್ಲಾ ಸಾರ್ಯಾಳ. ಆ ಟಾಬ್ರಿದು ಮಾಡವಾ, ಅದನ್ನ ಉಂಡಽ ಹೋಗಾಕಿ ನಾ." ಜುಲೈಯಲ್ಲಿ ಎಲ್ಲಿಯ ಸ್ಟ್ರಾಬೆರಿ! ಕಾಲ ಮುಗಿದಿದೆ ಎಂದು ಎರಡು ಶಬ್ದ ಹೇಳಿದ್ದರೆ ಆಗುತ್ತಿತ್ತು. ಅದರ ಬದಲು ಅಡುಗೆಮನೆಯ ಬಾಗಿಲು ಮುಂದೆ ಮಾಡಿ, ಮಗಳ ಬ್ರೆಡ್ಡಿಗೆಂದು ತಂದಿದ್ದ ಸ್ಟ್ರಾಬೆರಿ ಜಾಮಿನ ಬಾಟಲಿಯಿಂದ ಐದು ಚಮಚ ತೆಗೆದು ತಣ್ಣನೆಯ ಹಾಲಿಗೆ ಕದಡಿದೆ, ಯಾಲಕ್ಕಿ ಸ್ವಲ್ಪ ಹೆಚ್ಚಾಗಿಯೇ ಹಾಕಿದೆ. ಚಿಕ್ಕತ್ತೆ ಕುಡಿದು ತುಟಿ ಒರೆಸಿಕೊಂಡು, "ಅಕ್ಕ ಹೇಳಿದ್ದು ಸುಳ್ಳಲ್ಲ ಬಿಡು. ಇಂಥಾ ರುಚಿ ತಾಜಾ ಹಣ್ಣಿನಿಂದ ಅಷ್ಟಽ ಬರತದ," ಎಂದರು. ನಿಜ ಹೇಳಿಬಿಡೋಣವೆಂದು ನಾನು ಬಾಯಿ ತೆರೆದೆ, ದೇವರಾಣೆಗೂ ತೆರೆದೆ. ಆದರೆ ಅವರು ಅಷ್ಟರಲ್ಲಿ ಇನ್ನೊಂದು ಬಟ್ಟಲು ಕೇಳಿದರು.